ಇಲ್ಲದ ಪುಸ್ತಕದ ಹೊದಿಕೆ

ನನ್ನ ತಂಗಿಯ ಮಗಳು ಪುಸ್ತಕಗಳ ರೂಪರಚನೆಯ ವಿದ್ಯೆಯನ್ನು ಕಲಿಯುತ್ತಿರುವಳು. ಕಳೆದ ವರ್ಷ ದಸರೆಯ ರಜದಲ್ಲಿ ನಮ್ಮ ಮನೆಗೆ ಬಂದವಳು ಹನ್ನೆರಡು ಮುಖಪುಟಗಳನ್ನು ತಂದು ನನ್ನ ಮೇಜಿನ ಮೇಲೆ ಹರಡಿದಳು. ಅವು ಹಳೆಯ ಇಂಗ್ಲಿಷ್ ವಿಜ್ಞಾನ ಕಥೆಗಳ ಅಗ್ಗದ ಆವೃತ್ತಿಗಳಿಂದ ಕಿತ್ತ ಹೊದಿಕೆಗಳೆಂದೇ ಮೊದಲ ನೋಟಕ್ಕೆ ಎಣಿಸಿದೆನು. ಅಂಚುಗಳು ಸವೆದಿದ್ದುವು, ಬೆನ್ನಿನ ಉದ್ದಕ್ಕೂ ಮಡಿಕೆಯ ಬಿಳಿಯ ಗೆರೆಗಳಿದ್ದುವು, ಒಂದರ ಮೇಲೆ ಕಾಫಿಯ ಲೋಟವನ್ನಿಟ್ಟ ಬಳೆಯಂಥ ಕಲೆ, ಇನ್ನೊಂದರ ಮೂಲೆಯಲ್ಲಿ ಯಾರೋ ಶಾಯಿಯಿಂದ ಬರೆದು ಅರ್ಧ ಅಳಿಸಿಹೋದ ಹೆಸರು. ಬೆಲೆ ಮೂರು ಷಿಲಿಂಗ್ ಆರು ಪೆನ್ಸ್. ಬೆರಳಿಂದ ಮುಟ್ಟಿದರೆ ಮಾತ್ರ ಕಾಗದವು ನುಣ್ಣಗೆ, ಹೊಚ್ಚ ಹೊಸದಾಗಿದ್ದಿತು. ಅವಳು ನಕ್ಕು, "ಮಾವ, ಇವುಗಳಲ್ಲಿ ಒಂದು ಪುಸ್ತಕವೂ ಇಲ್ಲ. ಬರೆದವರಿಲ್ಲ, ಅಚ್ಚು ಹಾಕಿದವರಿಲ್ಲ. ಹೊದಿಕೆಯಷ್ಟೇ ಉಂಟು" ಎಂದಳು.

ಹಳೆಯ ಕಾಲದ ಶೈಲಿಯನ್ನು ಬೇಕೆಂದು ಮರಳಿ ತರುವ ಈ ಪದ್ಧತಿಗೆ ಈಗ ರೆಟ್ರೋ ಎಂದು ಹೆಸರಂತೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಪ್ಪಿದ ಶಬ್ದವಿಲ್ಲ; ಪ್ರತ್ನಶೈಲಿ ಎಂದು ಕರೆದರೆ ವಿದ್ಯಾರ್ಥಿಗಳು ನಗುವರೆಂದು ತೋರುತ್ತದೆ. ಹೆಸರು ಏನೇ ಇರಲಿ, ಎಂದೂ ಇಲ್ಲದಿದ್ದ ವಸ್ತುವನ್ನು ಒಂದು ಕಾಲದಲ್ಲಿ ಇದ್ದಿತೆಂಬಂತೆ ತೋರಿಸುವುದು ಅಸತ್ಯವೋ ಅಲ್ಲವೋ? ಪ್ರಶ್ನೆಯು ಅಂದಿನ ಸಂಜೆಯೇ ನಮ್ಮ ಜಗಲಿಗೆ ನಡೆದು ಬಾರದಿದ್ದರೆ, ನಾನು ಇದನ್ನು ವಿನೋದದ ತರ್ಕವಾಗಿ ಆಡಿ ಮರೆತುಬಿಡುತ್ತಿದ್ದೆನು.

ನಮ್ಮ ಬೀದಿಯಲ್ಲಿ ನನಗಿಂತ ಹಿರಿಯರಾದ ಮಿತ್ರರೊಬ್ಬರಿರುವರು. ಮೂವತ್ತು ವರ್ಷಗಳಿಗೂ ಮಿಕ್ಕು ಗ್ರಂಥಪಾಲಕರಾಗಿದ್ದು ನಿವೃತ್ತರಾದವರು. ಯಾವ ಪುಸ್ತಕವು ಯಾವ ಬೀರುವಿನ ಯಾವ ಸಾಲಿನಲ್ಲಿದ್ದಿತೆಂಬುದನ್ನು ಈಗಲೂ ಹೇಳಬಲ್ಲವರು. ಅವರ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿರುವೆನು. ಮೇಜಿನ ಮೇಲಿದ್ದ ಹೊದಿಕೆಗಳಲ್ಲಿ ಒಂದನ್ನು ಅವರು ಎತ್ತಿಕೊಂಡರು. ಶುಕ್ರಗ್ರಹದ ಮಳೆಗಾಲ ಎಂಬರ್ಥದ ಇಂಗ್ಲಿಷ್ ಹೆಸರು, ಬೂದುಹಸುರಿನ ಮಳೆ, ಅದರಲ್ಲಿ ಬೆನ್ನು ತೋರಿಸಿ ನಿಂತ ಒಬ್ಬ ಮನುಷ್ಯ, ವರ್ಷ 1963. "ಓಹೋ, ಇದು! ಮೈಸೂರಿನಲ್ಲಿ ಓದುತ್ತಿದ್ದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ಎಂಟಾಣೆಗೆ ಕೊಂಡಿದ್ದೆ" ಎಂದು ಅವರ ಮುಖ ಅರಳಿತು. ಅಲ್ಲಿಗೆ ನಿಲ್ಲದೆ ಕಥೆಯನ್ನೂ ಹೇಳತೊಡಗಿದರು: ಎಂದೂ ನಿಲ್ಲದ ಮಳೆ, ಒಂದೊಂದಾಗಿ ದೂರದೂರವಿರುವ ಠಾಣೆಗಳು, ಠಾಣೆಯಿಂದ ಠಾಣೆಗೆ ಕಾಗದಗಳನ್ನು ಹೊತ್ತು ನಡೆಯುವ ಒಬ್ಬ ಅಂಚೆಯವನು, ಕಾಗದಗಳು ನೆನೆದು ಅಕ್ಷರಗಳು ಕರಗಿಹೋದುದರಿಂದ ಅವುಗಳನ್ನು ಬಾಯಿಪಾಠ ಮಾಡಿಕೊಂಡು ಹೇಳಬೇಕಾದ ಅವನ ಸಂಕಟ. ಹುಡುಗಿಯು ಏನನ್ನೋ ಹೇಳಲು ಬಾಯಿ ತೆರೆದಳು. ನಾನು ಕಣ್ಸನ್ನೆಯಿಂದ ತಡೆದೆನು. ಎಪ್ಪತ್ತೆಂಟು ವರ್ಷದ ವೃದ್ಧರು, ನೆನಪಿನ ಬಲವೇ ತಮ್ಮ ಆಸ್ತಿಯೆಂದು ತಿಳಿದವರು. ಅವರನ್ನು ಒಂದು ಮಗುವಿನ ಎದುರಿಗೆ ನಾಚಿಸಬಾರದೆಂದು ನನ್ನ ಎಣಿಕೆ. ಆ ಸನ್ನೆಯ ಮಾತಿಗೆ ಮತ್ತೆ ಬರುವೆನು.

ಈ ಬಗೆಯ ಪುಸ್ತಕಗಳ ಪೂರ್ವೋತ್ತರವನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. 1935ರಲ್ಲಿ ಲಂಡನ್ನಿನ ಆಲನ್ ಲೇನ್ ಎಂಬಾತನು ಪೆಂಗ್ವಿನ್ ಎಂಬ ಹೆಸರಿನಲ್ಲಿ ಆರು ಪೆನ್ಸಿನ ಪುಸ್ತಕಗಳನ್ನು ಹೊರಡಿಸಿದನು. ಹೊದಿಕೆಯ ಮೇಲೆ ಅಡ್ಡಲಾಗಿ ಮೂರು ಪಟ್ಟಿಗಳು, ಅಷ್ಟೆ. ಕಥೆಗೆ ಕಿತ್ತಳೆ, ಪತ್ತೇದಾರಿಗೆ ಹಸುರು, ಜೀವನಚರಿತ್ರೆಗೆ ಕಡುನೀಲಿ. ಅಮೆರಿಕದ ಮಾರ್ಗ ಇದಕ್ಕೆ ವಿರುದ್ಧವಾದದ್ದು. 1926ರ ಏಪ್ರಿಲಿನಲ್ಲಿ ಹೊರಟ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಗೆ ಫ್ರಾಂಕ್ ಪಾಲ್ ಎಂಬಾತನು ಬರೆದ ಹಳದಿ ಕೆಂಪುಗಳ ಅಬ್ಬರವೇ ಅಲ್ಲಿ ಬಹುಕಾಲ ಮೇಲ್ಪಂಕ್ತಿಯಾಯಿತು. ಏಸ್ ಎಂಬ ಸಂಸ್ಥೆಯು 1952ರಿಂದ ಎರಡು ಕಾದಂಬರಿಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಸೇರಿಸಿ ಕಟ್ಟಿ ಮಾರಿತು. ಆ ಪುಸ್ತಕಕ್ಕೆ ಮುಖವೆರಡು, ಬೆನ್ನಟ್ಟೆ ಇಲ್ಲ. 1953ರಲ್ಲಿ ಆರ್ಥರ್ ಕ್ಲಾರ್ಕನ 'ಚೈಲ್ಡ್‌ಹುಡ್ಸ್ ಎಂಡ್' ಕಾದಂಬರಿಗೆ ರಿಚರ್ಡ್ ಪವರ್ಸ್ ಹೊದಿಕೆಯನ್ನು ಬರೆದ ಮೇಲೆ, ಕನಸಿನಲ್ಲಿ ಕಂಡಂಥ ಅನಾಮಿಕ ಆಕೃತಿಗಳಿಗೂ ಎಡೆ ದೊರೆಯಿತು.

ನನ್ನ ಸೊಸೆಯು ಹಿಡಿದದ್ದು ಇವೆಲ್ಲಕ್ಕಿಂತ ತಡವಾಗಿ ಬಂದ ಒಂದು ಮಾರ್ಗವನ್ನು. 1961ರಲ್ಲಿ ರೋಮೆಕ್ ಮಾರ್ಬರ್ ಎಂಬಾತನು ಪೆಂಗ್ವಿನ್ನಿನ ಪತ್ತೇದಾರಿ ಮಾಲೆಗಾಗಿ ಹೊದಿಕೆಯ ಅಳತೆಯೊಂದನ್ನು ಹಾಕಿಕೊಟ್ಟನು: ಮೇಲಿನ ಮೂರನೆಯ ಒಂದು ಪಾಲು ತೆಳುವಾದ ಗೆರೆಗಳ ನಡುವೆ ಅಕ್ಷರಗಳಿಗೆ, ಉಳಿದುದೆಲ್ಲ ಚಿತ್ರಕ್ಕೆ. ಕಲಾ ನಿರ್ದೇಶಕನಾದ ಜರ್ಮಾನೊ ಫಾಚೆಟ್ಟಿಯು ಅದನ್ನು ಮೆಚ್ಚಿ ಬೇರೆ ಮಾಲೆಗಳಿಗೂ ಹರಡಿದನು. ವಿಜ್ಞಾನ ಕಥೆಗಳಿಗೆ ಮಾಕ್ಸ್ ಅರ್ನ್ಸ್ಟ್ ಮೊದಲಾದವರ ಚಿತ್ರಗಳನ್ನೇ ಆರಿಸಿದನು. ಹುಡುಗಿಯು ಈ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ಅನುಸರಿಸಿದ್ದಳು. ಕಪ್ಪನ್ನು ತುಸು ಕಂದಾಗಿಸಿ, ಬಿಳಿಯನ್ನು ಕೆನೆಯ ಬಣ್ಣಕ್ಕೆ ಇಳಿಸಿ, ಹಳೆಯ ಅಚ್ಚಿನಲ್ಲಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂಡದೆ ಅಂಚಿನಲ್ಲಿ ಇಣುಕುವ ಗೆರೆಯನ್ನೂ ಬಿಡದೆ ತಂದಿದ್ದಳು. ಪುಸ್ತಕಗಳಿಗೆ ಸಂಖ್ಯೆ ಕೊಡುವ ಪದ್ಧತಿಯು ಬ್ರಿಟನ್ನಿನಲ್ಲಿ 1967ರಲ್ಲಿ ಬಂದುದಾದ್ದರಿಂದ ಅಂಥ ಸಂಖ್ಯೆಯನ್ನು ಹಾಕಲಿಲ್ಲ. ಷಿಲಿಂಗು 1971ರಲ್ಲಿ ಚಲಾವಣೆಯ ಲೆಕ್ಕದಿಂದ ಹೋಯಿತೆಂಬುದನ್ನೂ ಬಲ್ಲಳು. ಸುಳ್ಳಿಗೆ ಇಷ್ಟು ಸತ್ಯನಿಷ್ಠೆಯೇ ಎಂದು ನಾನು ಬೆರಗಾದೆನು. ನನ್ನ ಶಿಷ್ಯರಲ್ಲಿ ಹಲವರು ನಿಜವಾದ ಇತಿಹಾಸವನ್ನು ಬರೆಯುವಾಗಲೂ ಇಷ್ಟು ಜಾಗರೂಕರಾಗಿರುತ್ತಿರಲಿಲ್ಲ.

1963ನ್ನು ಆರಿಸಲು ಕಾರಣವನ್ನೂ ಹೇಳಿದಳು. ಶುಕ್ರನನ್ನು ಮುಚ್ಚಿದ ಮೋಡಗಳ ಕೆಳಗೆ ಮಳೆಯೂ ಕಾಡೂ ಕಡಲೂ ಇರಬಹುದೆಂದು ಆವರೆಗಿನ ಕಥೆಗಾರರು ಬಗೆದಿದ್ದರು. 1962ರ ಡಿಸೆಂಬರ್ 14ರಂದು ಮ್ಯಾರಿನರ್ 2 ಎಂಬ ಅಮೆರಿಕದ ನೌಕೆಯು ಆ ಗ್ರಹದ ಬಳಿಯಲ್ಲಿ ಹಾದುಹೋಗಿ, ಅಲ್ಲಿ ಕುಲುಮೆಯ ಬೇಗೆಯೆಂಬ ವರ್ತಮಾನವನ್ನು ಕಳುಹಿಸಿತು. ನೆಲದ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್ ಎಂದು ಈಗ ಗೊತ್ತಾಗಿದೆ. "ಮಳೆಯೇ ಇಲ್ಲವೆಂದು ತಿಳಿದ ಮರುವರ್ಷ ಮಳೆಯ ಕಾದಂಬರಿ ಅಚ್ಚಾಯಿತು, ಮಾವ. ಪಾಪ, ಬರೆದವನ ಸ್ಥಿತಿ ಹೇಗಿದ್ದೀತು!" ಎಂದಳು. ಇಲ್ಲದ ಗ್ರಂಥಕರ್ತನಿಗಾಗಿ ಅವಳ ಕಣ್ಣಿನಲ್ಲಿ ನಿಜವಾದ ಕನಿಕರವನ್ನು ಕಂಡೆನು. ಇದನ್ನು ವಂಚನೆಯೆಂದು ಕರೆಯಲು ನನಗೆ ನಾಲಗೆ ಏಳಲಿಲ್ಲ.

ನಮ್ಮ ಆಲಂಕಾರಿಕರಿಗೆ ಕಲ್ಪಿತ ವಸ್ತುವೆಂದರೆ ಭಯವಿಲ್ಲ. ನಾಟಕದ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ವಿಂಗಡಿಸಿ, ಪ್ರಕರಣಕ್ಕೆ ಕವಿಯು ಹುಟ್ಟಿಸಿದ ಕಥೆಯೇ ತಕ್ಕುದೆಂದು ಧನಂಜಯನು ವಿಧಿಸಿರುವನು. ಶಂಕುಕನಂತೂ ಇನ್ನೂ ಸೂಕ್ಷ್ಮವಾಗಿ ನೋಡಿದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುವಾಗ ನಮಗಾಗುವ ಜ್ಞಾನವು ಸಮ್ಯಕ್ ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಅದು ಐದನೆಯ ಒಂದು ಬಗೆ. ಚಿತ್ರತುರಗನ್ಯಾಯವೆಂದು ಇದು ಪ್ರಸಿದ್ಧ. ಹಾಗಾದರೆ ಚಿತ್ರತುರಗದಂತೆ ಚಿತ್ರಪುಸ್ತಕವೂ ಏಕಿರಬಾರದು? ಇರಬಹುದು. ಆದರೆ ಶಂಕುಕನ ಕುದುರೆಯು ಗೋಡೆಯ ಮೇಲಿದೆ ಎಂಬುದನ್ನು ಮರೆಯಬಾರದು. ಗೋಡೆಯು ಕಾಣುತ್ತಿರುವುದರಿಂದಲೇ ಯಾರೂ ಅದಕ್ಕೆ ಹುಲ್ಲು ಹಾಕಲು ಹೋಗುವುದಿಲ್ಲ. ನನ್ನ ಮಿತ್ರರು ಹುಲ್ಲು ಹಿಡಿದು ಹೊರಟರು.

ಅವರೊಬ್ಬರೇ ಅಲ್ಲ. ಇಂಗ್ಲೆಂಡಿನ ರಿಚರ್ಡ್ ಲಿಟ್ಲರ್ ಎಂಬ ಕಲಾವಿದನು 2013ರಲ್ಲಿ ಸ್ಕಾರ್‌ಫೋಕ್ ಎಂಬ ಊರನ್ನು ಕಲ್ಪಿಸಿದನು. ಅಲ್ಲಿ 1970ರ ದಶಕವು ಮುಗಿಯುವುದೇ ಇಲ್ಲ. ಆ ಕಾಲದ ಅಗ್ಗದ ಪುಸ್ತಕಗಳ ಹೊದಿಕೆಗಳನ್ನೂ ಸರ್ಕಾರದ ಭಿತ್ತಿಪತ್ರಗಳನ್ನೂ ಅವನು ಅಣಕವಾಗಿ ರಚಿಸಿದನು. ಅವುಗಳಲ್ಲಿ, ಮಗುವಿಗೆ ಹುಚ್ಚುನಾಯಿಯ ರೋಗ ತಗಲಿದೆಯೆಂದು ಸಂಶಯ ಬಂದರೆ ಗುಂಡಿಕ್ಕಬೇಕೆಂದು ಉಪದೇಶಿಸುವ ಒಂದು ಭಿತ್ತಿಪತ್ರವು 2018ರಲ್ಲಿ ಅಲ್ಲಿನ ಸರ್ಕಾರಿ ನೌಕರವರ್ಗದ ಪತ್ರಿಕೆಯಲ್ಲಿಯೇ ಹಳೆಯ ನಿಜವಾದ ಪ್ರಕಟಣೆಗಳ ಸಾಲಿನಲ್ಲಿ ಅಚ್ಚಾಯಿತು! ನಗತಕ್ಕ ವಿಷಯವೇ. ಆದರೂ ಇತಿಹಾಸವೆಂಬುದು ಹೀಗೆ ಒಂದೊಂದು ಕಾಗದದ ಮೇಲೆ ನಿಲ್ಲತಕ್ಕದ್ದೆಂದು ನೆನೆದಾಗ ನಗೆಯು ಪೂರ್ತಿಯಾಗಿ ಬರುವುದಿಲ್ಲ.

ಸೊಸೆಯು ನನ್ನ ವಾದಕ್ಕೆ ಸೋಲಲಿಲ್ಲ. "ಕಥೆಗಾರನು ಪುಟಪುಟದ ಕೆಳಗೂ ಇದು ಸುಳ್ಳು ಎಂದು ಬರೆಯುತ್ತಾನೆಯೆ, ಮಾವ?" ಎಂದು ಕೇಳಿದಳು. ಬರೆಯುವುದಿಲ್ಲ, ಅವನಿಗೆ ಅದು ಬೇಕಾಗಿಲ್ಲ. ನಾಟಕಕ್ಕೆ ಸೂತ್ರಧಾರನಿರುವಂತೆ ಕಥೆಗೆ ಹೊದಿಕೆಯಿದೆ. ಒಳಗಿರುವುದು ಕಾದಂಬರಿಯೆಂದು ಸಾರುವುದೇ ಹೊದಿಕೆಯ ಕೆಲಸ. ಹೊದಿಕೆಯೇ ಕಾದಂಬರಿಯಾಗಿ ಹೋದರೆ ಅದಕ್ಕೆ ಹೊದಿಕೆ ಯಾವುದು? ಇದಕ್ಕೆ ಅವಳು ಸುಮ್ಮನಾದಳು. ಒಪ್ಪಿ ಸುಮ್ಮನಾದಳೆಂದು ಹೇಳಲಾರೆನು.

ನನ್ನ ಮನಸ್ಸಿಗೆ ನಿಜವಾಗಿ ಚುಚ್ಚಿದುದು ಕಲ್ಪಿತ ಹೆಸರೂ ಅಲ್ಲ, ವರ್ಷವೂ ಅಲ್ಲ. ಆ ಕಾಫಿಯ ಕಲೆ, ಆ ಅಳಿಸಿದ ಸಹಿ. ಇಲ್ಲದ ಕವಿಯನ್ನು ಹುಟ್ಟಿಸುವುದು ಕಾವ್ಯ. ಇಲ್ಲದ ಓದುಗನನ್ನು ಹುಟ್ಟಿಸಿ, ಅವನು ಈ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದನೆಂದು ಕಲೆಯಿಂದ ಸಹಿಯಿಂದ ಹೇಳಿಸುವುದಾದರೋ ಸಾಕ್ಷಿಯನ್ನು ಹುಟ್ಟಿಸಿದಂತೆ. ನಮ್ಮ ಧರ್ಮಶಾಸ್ತ್ರಕಾರರು ಕೂಟಸಾಕ್ಷಿಯನ್ನು ಎಷ್ಟು ಘೋರವಾಗಿ ಎಣಿಸಿದರೆಂಬುದು ವಾಚಕರಿಗೆ ತಿಳಿದಿದೆ. ನನ್ನ ಮಿತ್ರರೂ ಮುಂದೆ, "ಆ ಅಳಿಸಿದ ಹೆಸರನ್ನು ಕಂಡು ನಂಬಿಬಿಟ್ಟೆ, ನನ್ನ ಪ್ರತಿಯಲ್ಲಿಯೂ ಹಾಗೆಯೇ ಯಾರದೋ ಹೆಸರಿತ್ತು" ಎಂದರು.

ಇನ್ನೊಂದು ಆಕ್ಷೇಪವೂ ಉಂಟು: ಪರರ ಶೈಲಿಯನ್ನು ಉಡುವುದು ಚೌರ್ಯವಲ್ಲವೆ? ಆನಂದವರ್ಧನನು ಕವಿಗಳ ನಡುವಣ ಹೋಲಿಕೆಯನ್ನು ಕನ್ನಡಿಯ ಬಿಂಬದಂತಹುದು, ಚಿತ್ರದಂತಹುದು, ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೋಲುವಂತಹುದು ಎಂದು ಮೂರಾಗಿಸಿ ಮೂರನೆಯದನ್ನು ಮಾತ್ರ ಒಪ್ಪಿದನು. ಅದರಲ್ಲಿ ಜೀವ ಬೇರೆಯಿದೆ. ಹುಡುಗಿಯ ಹನ್ನೆರಡರಲ್ಲಿ ಮೂರೋ ನಾಲ್ಕೋ ಈ ಪರೀಕ್ಷೆಯಲ್ಲಿ ಗೆಲ್ಲುವುವು, ಉಳಿದುವು ಬಿಂಬಗಳು. ಅವಳಿಗೆ ಇಷ್ಟನ್ನು ಮಾತ್ರ ಹೇಳಿದೆನು: ಮಾರ್ಬರನು ಪೋಲೆಂಡಿನ ಯೆಹೂದ್ಯ, ನಾತ್ಸಿಗಳ ಕೈಯಿಂದ ಬದುಕಿ ಉಳಿದವನು; ಫಾಚೆಟ್ಟಿಯು ಇಟಲಿಯವನು, ಮೌಟ್‌ಹೌಸೆನ್ ಸೆರೆಶಿಬಿರದಿಂದ ಬದುಕಿ ಬಂದವನು. ಅವರು ಕಾಗದದ ಮೇಲೆ ಎಳೆದ ಆ ಶಾಂತವಾದ, ಅಚ್ಚುಕಟ್ಟಾದ ಗೆರೆಗಳು ಎಂಥ ದಿನಗಳ ಆಚೆಯಿಂದ ಬಂದುವೆಂಬುದನ್ನು ತಿಳಿದು ಅವುಗಳನ್ನು ಬಳಸು. ಅವಳು ಇದನ್ನು ಕೇಳಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ಓದುತ್ತ ಕುಳಿತಿದ್ದಳು.

ಈಗ ಸನ್ನೆಯ ಮಾತು. ಮಿತ್ರರು ಎಂಟು ದಿನ ಆ ಪುಸ್ತಕವನ್ನು ಹುಡುಕಿದರು. ಅಟ್ಟದ ಪೆಟ್ಟಿಗೆಗಳನ್ನು ಇಳಿಸಿದರು. ಬದುಕಿರುವ ಸಹಪಾಠಿಗಳಿಬ್ಬರಿಗೆ ಪತ್ರ ಬರೆದರು. ಎಲ್ಲಿಯೂ ಸಿಕ್ಕದೆ, ತಮ್ಮ ಬುದ್ಧಿಯೇ ಶಿಥಿಲವಾಗುತ್ತಿದೆಯೋ ಎಂದು ನಿದ್ದೆಗೆಟ್ಟರು. ಒಂಬತ್ತನೆಯ ದಿನ ನಾನು ಹೋಗಿ ನಿಜವನ್ನು ಹೇಳಿದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹುಡುಗಿ ಅಂದೇ ಹೇಳಬೇಕೆಂದಿದ್ದಳು. ನೀವು ಬೇಡವೆಂದಿರಿ. ನಾನು ನೋಡಿದೆ" ಎಂದರು. ಮುಖಪುಟದಲ್ಲಿ ಅಸತ್ಯವೆಷ್ಟು ಎಂದು ನಾನು ತೂಗುತ್ತಿದ್ದ ಎಂಟು ದಿನವೂ ಅಸತ್ಯದ ತಕ್ಕಡಿಯನ್ನು ಹಿಡಿದಿದ್ದವನು ನಾನೇ. ಕರುಣೆಯೆಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆನು.

ಪಾಠಶಾಲೆಯಲ್ಲಿ ಹತ್ತು ಲಕಾರಗಳನ್ನು ಬಾಯಿಪಾಠ ಮಾಡಿದವರಿಗೆ ಲೃಙ್ ನೆನಪಿರಬಹುದು. 'ಅಭವಿಷ್ಯತ್' ಎಂಬ ರೂಪದಲ್ಲಿ ಮೊದಲಿಗೆ ಭೂತಕಾಲದ ಅಕಾರ, ನಡುವೆ ಭವಿಷ್ಯತ್ತಿನ ಸ್ಯ. ಎರಡೂ ಕೂಡಿ ಅರ್ಥವಾಗುವುದು ಮಾತ್ರ ನಡೆಯದೆ ಹೋದ ಕ್ರಿಯೆ. ಅದಕ್ಕೆ ಕೊಡುವ ಉದಾಹರಣೆಯೂ ಬಾರದ ಮಳೆಯನ್ನು ಕುರಿತದ್ದೇ! ಹಳೆಯ ವಿಜ್ಞಾನ ಕಥೆಯ ಹೊದಿಕೆಯು ಹಿಂದಿನವರು ಕಂಡ ಮುಂದಿನ ಕಾಲ, ಅದು ಬರಲಿಲ್ಲ. ಅಂಥ ಹೊದಿಕೆಯನ್ನು ಇಂದು ಹೊಸದಾಗಿ ಕಲ್ಪಿಸುವವರು ಲೃಙ್ ಲಕಾರದಲ್ಲಿ ಚಿತ್ರ ಬರೆಯುತ್ತಿರುವರು. ಆದರೆ ಅಭವಿಷ್ಯತ್ ಎಂಬುದನ್ನು ಅಭವತ್ ಎಂದು ಯಾವ ಬಾಲಕನೂ ತಪ್ಪಾಗಿ ತಿಳಿಯನು. ಗುರುತು ಶಬ್ದದ ಮೈಯಲ್ಲೇ ಇದೆ. ಇದನ್ನು ಸೊಸೆಗೆ ಪತ್ರದಲ್ಲಿ ಬರೆದೆನು. ಅವಳು ಈಗ ಪ್ರತಿಯೊಂದು ಹೊದಿಕೆಯ ಬೆನ್ನಿನಲ್ಲಿಯೂ, ಬೆಲೆಯ ಪಕ್ಕದಲ್ಲಿ, ತಾನು ರಚಿಸಿದ ನಿಜವಾದ ವರ್ಷವನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತಿರುವಳು. ಕಾಫಿಯ ಕಲೆಯನ್ನು ಬಿಟ್ಟಿಲ್ಲ. ಅದಿಲ್ಲದಿದ್ದರೆ ಚಿತ್ರವು ಸಪ್ಪೆಯಾಗುವುದಂತೆ.

ಮಿತ್ರರ ನೆನಪಿನ ಮಾತು ಒಂದಿಷ್ಟು ಉಳಿಯಿತು. ಶುಕ್ರನ ನಿಲ್ಲದ ಮಳೆಯ ಕಥೆಗಳನ್ನು ಅಮೆರಿಕದ ರೇ ಬ್ರಾಡ್‌ಬರಿ ನಿಜವಾಗಿಯೂ ಬರೆದಿರುವನು. 1954ರ ಒಂದು ಸಣ್ಣಕಥೆಯನ್ನು ಸೊಸೆಯು ಕಳುಹಿಸಿಕೊಟ್ಟಳು. ಅದನ್ನು ಓದಿ ಅವರು, "ಮಳೆ ಇದೇ. ಅಂಚೆಯವನು ಇಲ್ಲಿಲ್ಲ" ಎಂದರು. ಅವರ ತಂದೆಯವರು ಮಲೆನಾಡಿನಲ್ಲಿ ಅಂಚೆಯ ಚೀಲವನ್ನು ಹೊತ್ತು ನಡೆದವರೆಂಬುದು ನನಗೆ ಆಮೇಲೆ ಹೊಳೆಯಿತು. ಅಂಚೆಯವನ ಕಥೆಯನ್ನು ಅವರು ಈಗ ತಾವೇ ಬರೆಯುತ್ತಿರುವರು; ನಿನ್ನೆಗೆ ಹನ್ನೊಂದು ಹಾಳೆಗಳಾಗಿದ್ದುವು. ಮುಖಪುಟವು ಗೋಡೆಯ ಮೇಲಿದೆ.