ಜೊತೆಗಿದ್ದದ್ದೇ ಅಪರಾಧವೇ?

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳ ಜೀನೋಮ್ ಓದಿ ರೋಗದ ಗುಣಗಳಿಗೆ ಕಾರಣವಾದ ಜೀನ್ ಹುಡುಕುವ ನನ್ನಂಥ ಸಂಶೋಧಕರಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಜೊತೆಯಲ್ಲಿ ಸಿಕ್ಕಿದ್ದನ್ನೆಲ್ಲ ಕಾರಣ ಎನ್ನಬಹುದೇ?

ಕ್ಷಯವನ್ನೇ ನೋಡಿ. ಅದರ ರೋಗಾಣುವಿನ ಪೂರ್ಣ ಜೀನೋಮ್ 1998ರಲ್ಲಿ ಪ್ರಕಟವಾಯಿತು: ಸುಮಾರು 44 ಲಕ್ಷ ಅಕ್ಷರಗಳು, 4,000ದಷ್ಟು ಜೀನ್‌ಗಳು. ಇಂದು ಸಾವಿರಾರು ರೋಗಿಗಳಿಂದ ಪಡೆದ ಮಾದರಿಗಳನ್ನು ಔಷಧಿಗೆ ಬಗ್ಗುವವು, ಬಗ್ಗದವು ಎಂದು ವಿಂಗಡಿಸಿ, ಯಾವ ಬದಲಾವಣೆ ಬಗ್ಗದವುಗಳಲ್ಲೇ ಹೆಚ್ಚು ಎಂದು ಕಂಪ್ಯೂಟರಿಗೆ ಕೇಳುತ್ತೇವೆ. ಅದು ಉತ್ತರ ಕೊಟ್ಟೇ ಕೊಡುತ್ತದೆ. ನೂರಕ್ಕೆ ಐದು ತಪ್ಪಾದರೂ ಸರಿ ಎಂಬ ರೂಢಿಯ ಅಳತೆಯಲ್ಲಿ 4,000 ಜೀನ್‌ಗಳನ್ನು ಪರೀಕ್ಷಿಸಿದರೆ, ಯಾವ ಸಂಬಂಧವೂ ಇಲ್ಲದ ಸುಮಾರು 200 ಜೀನ್‌ಗಳು ಕಾಕತಾಳೀಯವಾಗಿ ಕಟಕಟೆಗೆ ಬರುತ್ತವೆ.

ಅಳತೆಯನ್ನು ಬಿಗಿ ಮಾಡಿ ಇದನ್ನು ಸರಿಪಡಿಸಬಹುದು. ಬಂಧುತ್ವದ ತೊಡಕು ಅಷ್ಟು ಸುಲಭದ್ದಲ್ಲ. ಕ್ಷಯದ ಬ್ಯಾಕ್ಟೀರಿಯಾ ಒಂದು ಎರಡಾಗಿ ಒಡೆದು ಬೆಳೆಯುತ್ತದೆ. ಬೇರೆ ತಳಿಗಳೊಂದಿಗೆ ಜೀನ್ ವಿನಿಮಯ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದು ತಳಿಗೆ ಔಷಧ ನಿರೋಧ ಬಂದರೆ, ಅದರ ಮೈಯಲ್ಲಿದ್ದ ನಿರಪರಾಧಿ ಬದಲಾವಣೆಗಳೂ ಅದರ ಜೊತೆಗೇ ಹರಡುತ್ತವೆ. ಒಂದೇ ವಂಶದ ಸಾವಿರ ಮಾದರಿಗಳೆಂದರೆ ಸಾವಿರ ಸಾಕ್ಷಿಗಳಲ್ಲ; ಒಬ್ಬನೇ ಸಾಕ್ಷಿ ಸಾವಿರ ಸಲ ಹೇಳಿದ ಮಾತು. ಆದ್ದರಿಂದ ವಂಶವೃಕ್ಷ ಕಟ್ಟಿ, ದೂರದೂರದ ಕೊಂಬೆಗಳಲ್ಲೂ ಅದೇ ಬದಲಾವಣೆ ನಿರೋಧದ ಜೊತೆ ಮತ್ತೆ ಮತ್ತೆ ಹೊಸದಾಗಿ ಹುಟ್ಟಿದೆಯೇ ಎಂದು ನೋಡುತ್ತೇವೆ. ರಿಫಾಂಪಿಸಿನ್ ನಿರೋಧದ ಆರ್‌ಪಿಒಬಿ ಜೀನ್ ಇಂಥ ಪರೀಕ್ಷೆಯಲ್ಲಿ ನಿಲ್ಲುತ್ತದೆ. ಕಾರಣವೂ ಗೊತ್ತು: ಔಷಧಿ ಅಂಟಿಕೊಳ್ಳುವ ಜಾಗವೇ ಬದಲಾಗಿರುತ್ತದೆ. ಸ್ಟ್ಯಾನ್ಲಿ ಫಾಲ್ಕೋ 1988ರಲ್ಲಿ ಇನ್ನೂ ಕಠಿಣ ಪುರಾವೆ ಕೇಳಿದ್ದರು: ಜೀನ್ ಕೆಡಿಸಿದರೆ ರೋಗ ತರುವ ಶಕ್ತಿ ಕುಗ್ಗಬೇಕು, ಮರಳಿಸಿದರೆ ಅದೂ ಮರಳಬೇಕು.

ಆದರೆ ಅಷ್ಟು ಪುರಾವೆ ಸಿಗುವವರೆಗೆ ರೋಗಿ ಕಾಯಲಾರ. ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬ ನ್ಯಾಯ ಇಲ್ಲಿ ಹೊಂದುವುದಿಲ್ಲ. ಶಿಕ್ಷೆ ಜೀನಿಗಲ್ಲ, ಮನುಷ್ಯನಿಗೆ. ನಿರಪರಾಧಿ ಬದಲಾವಣೆಯನ್ನು ದೋಷಿ ಎಂದರೆ ಒಳ್ಳೆಯ ಔಷಧಿ ಕೈತಪ್ಪಿ, ಹೆಚ್ಚು ಅಡ್ಡಪರಿಣಾಮದ ಚಿಕಿತ್ಸೆ ಅವನ ಪಾಲಾಗುತ್ತದೆ. ದೋಷಿಯನ್ನು ಬಿಟ್ಟರೆ ನಾಟದ ಮಾತ್ರೆ ನುಂಗುತ್ತಾ ಮನೆಯವರಿಗೂ ರೋಗ ಹಂಚುತ್ತಾನೆ. ಗೆರೆ ಎಲ್ಲಿ ಎಳೆಯಬೇಕೆಂದು ಗಣಿತ ಹೇಳುವುದಿಲ್ಲ. ಯಾವ ತಪ್ಪಿನ ನೋವು ಹೆಚ್ಚು ಎಂದು ತೂಗಿ ನಾವೇ ಎಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕ್ಷಯದ ರೂಪಾಂತರಗಳ ಪಟ್ಟಿಯಲ್ಲಿ 'ಮಹತ್ವ ಅನಿಶ್ಚಿತ' ಎಂಬ ವರ್ಗವೂ ಇದೆ. ನನಗೆ ಹೆಚ್ಚು ಗೌರವ ಆ ವರ್ಗದ ಮೇಲೆ. ಗೊತ್ತಿಲ್ಲ ಎಂದು ಬರೆದುಕೊಟ್ಟರೆ ವೈದ್ಯರು ಇನ್ನೊಂದು ಪರೀಕ್ಷೆ ಮಾಡಿಸಬಹುದು. ಗೊತ್ತಿದೆ ಎಂದು ನಟಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಇನ್ನೊಂದು ಮಾತಿದೆ. ಔಷಧ ನಿರೋಧ ಬ್ಯಾಕ್ಟೀರಿಯಾದೊಳಗೇ ಇದೆ, ನಿಜ. ರೋಗ ಮಾತ್ರ ಅದರೊಳಗಷ್ಟೇ ಇಲ್ಲ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಕ್ಷಯ ಬರುವುದೇ ಇಲ್ಲ. ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ 'ರೇಷನ್ಸ್' ಅಧ್ಯಯನದಲ್ಲಿ, ರೋಗಿಯ ಮನೆಯವರಿಗೆ ಅಕ್ಕಿ, ಬೇಳೆ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಪ್ರಕರಣಗಳು ಶೇ. 39ರಷ್ಟು ಕಡಿಮೆಯಾದವು. ನಮ್ಮ ಕೋಷ್ಟಕಗಳಲ್ಲಿ ಜೀನ್‌ಗಳಿಗೆ ಸಾವಿರಾರು ಕಾಲಂಗಳಿವೆ, ಹಸಿವಿಗೆ ಒಂದೂ ಇಲ್ಲ. ಕೋಷ್ಟಕದಲ್ಲಿ ಇಲ್ಲದ್ದನ್ನು ಯಾವ ಗಣಿತವೂ ಕಾರಣವೆಂದು ತೋರಿಸಲಾರದು. ಏನನ್ನು ಅಳೆಯಬೇಕು ಎಂದು ನಿರ್ಧರಿಸುವಾಗಲೇ, ಯಾರನ್ನು ವಿಚಾರಣೆಗೆ ಕರೆಯಬಾರದು ಎಂದೂ ನಾವು ತೀರ್ಮಾನಿಸಿರುತ್ತೇವೆ.