ಒಂದು ಹನಿ ನೆತ್ತರು

ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಬಹುಬೇಗ ಮುಗಿಯುತ್ತದೆ. ನಡುನೆತ್ತಿಯಲ್ಲಿ ಜುಟ್ಟು ಬಿಟ್ಟು ತಲೆ ಬೋಳಿಸಿಕೊಂಡ ಜೆಟ್ಟಿಗಳು ಜೋಡಿಯಾಗಿ ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ಬಲಗೈ ಬೆರಳುಗಳಿಗೆ ಮೊನೆಗಳಿರುವ ವಜ್ರನಖ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನದವರಿಗೆ ಇದು ವಂಶದ ಸೇವೆ. ಯಾರದಾದರೂ ತಲೆಯಲ್ಲಿ ರಕ್ತ ಜಿನುಗಿದ ಕೂಡಲೇ ಇಬ್ಬರನ್ನೂ ಬಿಡಿಸುತ್ತಾರೆ. ರಾಜಮನೆತನದ ವಿಜಯಯಾತ್ರೆ ಹೊರಡುವುದು ಆ ಮೇಲೆಯೇ.

ಪಟ್ಟು, ವರಸೆ, ಮೈಕಟ್ಟು ಯಾವುದೇ ಗರಡಿಮನೆಯಲ್ಲೂ ನೋಡಲು ಸಿಗುತ್ತವೆ. ವಜ್ರನಖವನ್ನು ತೆಗೆದುಬಿಟ್ಟರೆ ಅದೇ ಜನ, ಅದೇ ಮಣ್ಣು ಇದ್ದರೂ ನೋಡುವವರ ಉಸಿರು ಬಿಗಿಯಾಗುವುದಿಲ್ಲ. ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸರೂ ಅಲ್ಲಿನ ಮಲ್ಲಕಾಳಗದಲ್ಲಿ ಗಮನಿಸಿದ್ದು ಈ ಅಪಾಯವನ್ನೇ. 1520ರ ಸುಮಾರಿಗೆ ಬಂದ ಪಾಯೆಸ್ ಹಲ್ಲು ಮುರಿದು ಮುಖ ಕೆಡುವಂಥ ಹೊಡೆತಗಳ ಬಗ್ಗೆ ಬರೆದ. ಅವನ ನಂತರ ಬಂದ ನ್ಯೂನಿಜ್, ಜೆಟ್ಟಿಗಳು ಕೈಯಲ್ಲಿ ಹಿಡಿಯುತ್ತಿದ್ದ ಮೊನೆಬಳೆಗಳ ಬಗ್ಗೆ ಬರೆದ. ಗೆದ್ದವನು ಯಾರೆಂಬುದಕ್ಕಿಂತ ಏನಾಗಬಹುದಿತ್ತು ಎಂಬುದೇ ಇಬ್ಬರಿಗೂ ನೆನಪಿನಲ್ಲಿ ಉಳಿದಂತಿದೆ.

ಆದರೆ ಅಪಾಯ ತಾನಾಗಿಯೇ ರಂಜನೆಯಾಗುವುದಿಲ್ಲ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ವಯನಾಡಿಗೆ ಇಳಿಯುವ 766ನೇ ಹೆದ್ದಾರಿಯಲ್ಲಿ, ಮುತ್ತಂಗ ಕಾಡಿನ ಅಂಚಿಗೆ ಕಲ್ಲೂರು ಇದೆ. ಹೆದ್ದಾರಿಯ ಪಕ್ಕ ಆನೆ ಕಂಡರೆ ಬಸ್ಸಿನೊಳಗಿನವರು ಕಿಟಕಿಗೆ ಮುಗಿಬೀಳುತ್ತಾರೆ. ಅದೇ ಆನೆ ರಾತ್ರಿ ಗದ್ದೆಗೆ ನುಗ್ಗಿದರೆ, ಬೆಳೆ ಕಾಯಲು ಅಟ್ಟಣೆಯಲ್ಲಿ ಕುಳಿತವನಿಗೆ ನೋಟದ ಸುಖವೇನೂ ಇಲ್ಲ. ಆನೆ ಒಂದೇ, ಬಲವೂ ಒಂದೇ. ಬೇರೆಯಾದದ್ದು ನೋಡುವವನು ನಿಂತ ಜಾಗ. ಕಾಳಗದ ಅಖಾಡ ಮಾಡುವುದು ಬಸ್ಸಿನ ಕಿಟಕಿ ಮಾಡುವ ಕೆಲಸವನ್ನೇ: ಅಪಾಯ ನಿಜವೆಂದು ಕಾಣಬೇಕು, ತನ್ನ ಕಡೆಗೆ ಮಾತ್ರ ಬರಬಾರದು.

ಈ ಅಂತರದ ಮೀಮಾಂಸೆಯನ್ನು ಕಾವ್ಯಮೀಮಾಂಸಕ ಅಭಿನವಗುಪ್ತ ಸುಮಾರು ಸಾವಿರ ವರ್ಷಗಳ ಹಿಂದೆಯೇ ನಡೆಸಿದ್ದ. ಶಾಕುಂತಲ ನಾಟಕದ ಮೊದಲ ಅಂಕದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಅವನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಸಹೃದಯನ ಭಯ ಜಿಂಕೆಯ ಭಯವಲ್ಲ, ತನ್ನ ಸ್ವಂತ ಭಯವೂ ಅಲ್ಲ. ಕಾಲ ದೇಶಗಳ ಹಂಗು ಕಳಚಿದ ಭಯ. ಆದ್ದರಿಂದಲೇ ಅದು ಆಸ್ವಾದಕ್ಕೆ ಒದಗುತ್ತದೆ. ವಿವರಣೆ ಸೊಗಸಾಗಿದೆ, ಆದರೆ ಅಖಾಡಕ್ಕೆ ಪೂರ್ತಿ ಹೊಂದುವುದಿಲ್ಲ. ರಂಗದ ಮೇಲಿನ ಜಿಂಕೆಗೆ ಮೈಯಿಲ್ಲ, ಜೆಟ್ಟಿಯ ತಲೆಗೆ ಗಾಯವಿದೆ. ರಸವೇನೋ ಎಲ್ಲರಿಗೂ ಸಾಧಾರಣವಾಗಬಹುದು, ನೋವು ಒಬ್ಬನದೇ.

ಇಲ್ಲಿಂದ ಮುಂದಿನದು ಧರ್ಮದ ಪ್ರಶ್ನೆ, ಅದನ್ನು ಹೆಚ್ಚು ನಿಷ್ಠುರವಾಗಿ ಎತ್ತಿಕೊಂಡವರು ಜೈನರು. ಕಲ್ಲೂರಿಗೆ ಹತ್ತಿರದ ಸುಲ್ತಾನ್ ಬತ್ತೇರಿಯಲ್ಲಿ ಹಳೆಯ ಕಲ್ಲಿನ ಬಸದಿಯೊಂದಿದೆ. ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡು ಇಡುವ ‘ಬ್ಯಾಟರಿ’ಯಾಗಿ ಊರಿಗೆ ಆ ಹೆಸರು ತಂದದ್ದೂ ಅದೇ. ಅಹಿಂಸೆಯ ಮನೆಯಲ್ಲಿ ಮದ್ದುಗುಂಡು! ಜೈನ ವಿಚಾರದಲ್ಲಿ ಹಿಂಸೆ ಮೂರು ಬಗೆ: ಕೃತ, ಕಾರಿತ, ಅನುಮತ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಕಂಡು ಮೆಚ್ಚಿದ್ದು. ಅಖಾಡದ ಸುತ್ತ ಚಪ್ಪಾಳೆ ತಟ್ಟುವವನು ಮೂರನೆಯ ಸಾಲಿಗೆ ಸೇರುತ್ತಾನೆ. ಬೌದ್ಧರ ಬ್ರಹ್ಮಜಾಲ ಸುತ್ತವೂ ಆನೆ, ಟಗರು, ಕೋಳಿಗಳ ಕಾಳಗದ ಜೊತೆಗೆ ಮುಷ್ಟಿಯುದ್ಧ, ಮಲ್ಲಯುದ್ಧಗಳನ್ನು ಶ್ರಮಣರು ನೋಡಬಾರದವುಗಳ ಪಟ್ಟಿಗೆ ಹಾಕಿದೆ.

ಹಾಗಿದ್ದೂ ಜೈನ ಪುರಾಣದ ನಡುಮಧ್ಯದಲ್ಲೇ ಒಂದು ಕಾಳಗವಿದೆ. ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರಾದಾಗ ಸಾವಿರಾರು ಜನ ಸಾಯುವುದು ಬೇಡವೆಂದು ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರ್ಮಾನ ಮಾಡಿಕೊಳ್ಳುತ್ತಾರೆ. ಪಂಪ 941ರ ಆದಿಪುರಾಣದಲ್ಲಿ ಹೇಳಿದ ಈ ಕಥೆಯಲ್ಲಿ ಸಾಯಬೇಕಿದ್ದ ಸೈನಿಕರೆಲ್ಲ ಪ್ರೇಕ್ಷಕರಾಗುತ್ತಾರೆ. ಅಪಾಯ ಇಬ್ಬರ ಮೈಗೆ ಇಳಿದು, ಉಳಿದವರಿಗೆ ನೋಟವಾಗಿ ಉಳಿಯುತ್ತದೆ. ಮಲಬಾರಿನ ವೀರಗೀತೆಗಳಾದ ವಡಕ್ಕನ್ ಪಾಟ್ಟುಗಳಲ್ಲಿ ಬರುವ ಅಂಕವೆಂಬ ದ್ವಂದ್ವಯುದ್ಧವೂ ಹೆಚ್ಚುಕಡಿಮೆ ಇದೇ ಲೆಕ್ಕ: ಇಬ್ಬರು ನಾಡಪ್ರಮುಖರ ಜಗಳಕ್ಕೆ ಅವರ ಪರವಾಗಿ ಕಾದುವ ಇಬ್ಬರು ಚೇಕವರು ಕಟ್ಟೆಯ ಮೇಲೆ ಕತ್ತಿ ಹಿಡಿಯುತ್ತಿದ್ದರು. ಅಲ್ಲಿ ಮಾತ್ರ ತಮ್ಮದಲ್ಲದ ಜಗಳಕ್ಕೆ ಸಾಯುತ್ತಿದ್ದವರು ಚೇಕವರು. ಬಾಹುಬಲಿಯಾದರೋ ಗೆದ್ದ ಗಳಿಗೆಯಲ್ಲೇ ಗೆಲುವಿಗೆ ಬೇಸತ್ತು ತಪಸ್ಸಿಗೆ ನಡೆದ.

ಕಾಣುವ ಅಪಾಯಕ್ಕೂ ಇರುವ ಅಪಾಯಕ್ಕೂ ಅಳತೆ ಒಂದೇ ಅಲ್ಲ ಎಂಬುದು ಈ ವಿಚಾರಕ್ಕೆ ಇನ್ನೊಂದು ತೊಡಕು. ವಜ್ರಮುಷ್ಟಿಯಲ್ಲಿ ರಕ್ತ ಕಾಣುತ್ತದೆ, ಕಂಡದ್ದೇ ಕಾಳಗ ನಿಲ್ಲುತ್ತದೆ. ಬಾಕ್ಸಿಂಗಿನಲ್ಲಿ ತಿರುವುಮುರುವು. 1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನು ಕಡ್ಡಾಯ ಮಾಡಿದ ಮೇಲೆ ಆಟ ಸಭ್ಯವಾಗಿ ಕಂಡಿತು. ಆದರೆ ಗವಸು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಬೆರಳೆಲುಬುಗಳನ್ನು. ಬರಿಗೈಯಲ್ಲಾದರೆ ಮುರಿದುಹೋಗುವ ಭಯದಿಂದ ತಡೆಹಿಡಿಯುತ್ತಿದ್ದ ಏಟನ್ನು ಗವಸು ಹಾಕಿದವನು ತಲೆಗೇ ಬಿಡುತ್ತಾನೆ. ಪದೇ ಪದೇ ಏಟು ತಿಂದವರು ವರ್ಷಗಳು ಕಳೆದ ಮೇಲೆ ತೊದಲುವುದನ್ನೂ ತೂರಾಡುವುದನ್ನೂ ಅಮೆರಿಕದ ವೈದ್ಯ ಮಾರ್ಟ್‌ಲ್ಯಾಂಡ್ 1928ರಲ್ಲಿ ಬರೆದ. ಆ ಹೊತ್ತಿಗೆ ಸುತ್ತ ಪ್ರೇಕ್ಷಕರು ಇರುವುದಿಲ್ಲ. ಅನುಮತದ ಲೆಕ್ಕ ಇಲ್ಲಿ ಬಿಗಿಯಾಗುತ್ತದೆ: ಚಪ್ಪಾಳೆ ಬಿದ್ದದ್ದು ಕಂಡ ಏಟಿಗೆ, ಗಾಯ ಆದದ್ದು ಕಾಣದ ಕಡೆ. ತಲೆಯ ಮೇಲೆ ಹನಿ ಕಂಡೊಡನೆ ಕಾಳಗ ಬಿಡಿಸುವ ಜೆಟ್ಟಿಗಳ ಕಟ್ಟಳೆಯಲ್ಲಿ ನೋಡುವವನಿಗೆ ತಾನು ಒಪ್ಪಿದ್ದು ಏನೆಂಬುದಾದರೂ ಗೊತ್ತಿರುತ್ತದೆ.