ನಂಬಿಕೆಯೂ ಪರೀಕ್ಷೆಯೂ

ಒಬ್ಬನು ಆಡಿದ ಮಾತನ್ನು ಅವನ ಎದುರಿಗೇ ಪರೀಕ್ಷಿಸಿ ನೋಡುವುದು ಅವನಿಗೆ ಮಾಡಿದ ಅವಮಾನವೆ? ಈ ಪ್ರಶ್ನೆ ನನಗೆ ಎದುರಾದದ್ದು ಯಾವ ಗ್ರಂಥದಲ್ಲಿಯೂ ಅಲ್ಲ. ಜವನಗೊಂಡನಹಳ್ಳಿಯ ನಮ್ಮ ಅಕ್ಕನ ಮನೆಯಲ್ಲಿ, ತಂಪು ಕೊಡುವುದನ್ನು ಬಿಟ್ಟಿದ್ದ ಒಂದು ಏರ್ ಕಂಡೀಷನರಿನ ಮುಂದೆ.

ಹಿರಿಯೂರಿಗೂ ಸಿರಾಕ್ಕೂ ನಡುವೆ ಹೆದ್ದಾರಿಯ ಮೇಲಿರುವ ಆ ಊರಿನ ಬೇಸಗೆಯನ್ನು ಬಲ್ಲವರೇ ಬಲ್ಲರು. ಭಾವನವರು ಹಿರಿಯೂರಿನಿಂದ ಒಬ್ಬ ಮೆಕ್ಯಾನಿಕ್ ಹುಡುಗನನ್ನು ಕರೆಸಿದ್ದರು. "ಸ್ವಿಚ್ ಆರಿಸಿದ್ದೇನಪ್ಪಾ, ಇನ್ನು ಬಿಚ್ಚು" ಎಂದೆ ನಾನು. ಅವನು ತಲೆಯಾಡಿಸಿದ. ಆದರೂ ಜೇಬಿನಿಂದ ಟೆಸ್ಟರ್ ತೆಗೆದು, ಮೊದಲು ಬೇರೊಂದು ಸಾಕೆಟ್ಟಿಗೆ ಇಟ್ಟು ಅದರ ದೀಪ ಹತ್ತುವುದನ್ನು ಖಚಿತಪಡಿಸಿಕೊಂಡ. ಆಮೇಲೆ ಯಂತ್ರದ ತಂತಿಗೆ ಮುಟ್ಟಿಸಿದ. ನನ್ನ ಮುಖ ಬಿಗಿದದ್ದು ಅವನಿಗೆ ಕಂಡಿರಬೇಕು. "ಬೇಸರ ಮಾಡ್ಕಬೇಡಿ ಯಜಮಾನ್ರೆ, ನಿಮ್ಮ ಮಾತು ಸುಳ್ಳು ಅಂತಲ್ಲ" ಎಂದ.

ಟೆಸ್ಟರಿನ ದೀಪ ಹತ್ತಿಯೇ ಇತ್ತು!

ಕಾರಣ ಸರಳವಾದದ್ದು. ಮನೆ ಕಟ್ಟುವಾಗ ಯಾರೋ ಫೇಸ್ ತಂತಿಯನ್ನೂ ನ್ಯೂಟ್ರಲ್ ತಂತಿಯನ್ನೂ ಅದಲುಬದಲು ಮಾಡಿದ್ದರು. ಸ್ವಿಚ್ಚು ಕತ್ತರಿಸಿದ್ದು ನ್ಯೂಟ್ರಲನ್ನು ಮಾತ್ರ. ಯಂತ್ರ ನಿಂತಿತ್ತು, ತಂತಿಯಲ್ಲಿ ವಿದ್ಯುತ್ತು ಉಳಿದಿತ್ತು. ಹುಡುಗ ಒಳಗೆ ಹೋಗಿ ಎಂ.ಸಿ.ಬಿ.ಯನ್ನು ಇಳಿಸಿ, ಮರೆತು ಯಾರೂ ಏರಿಸದಂತೆ ಅದರ ಮೇಲೆ ಟೇಪು ಅಂಟಿಸಿ ಬಂದ. ಮತ್ತೆ ತಂತಿಯನ್ನು ನೋಡಿದ. ಟೆಸ್ಟರೇ ಕೆಟ್ಟಿಲ್ಲವಷ್ಟೆ ಎಂದು ಸಾಕೆಟ್ಟಿನಲ್ಲಿ ಇನ್ನೊಮ್ಮೆ ನೋಡಿದ. ತಾರಸಿಯ ಮೇಲಿನ ಪೆಟ್ಟಿಗೆಯನ್ನು ಬಿಚ್ಚಿದ ಮೇಲೂ ಅವನು ಅವಸರಪಡಲಿಲ್ಲ. ಅದರೊಳಗಿನ ಕೆಪ್ಯಾಸಿಟರ್ ಎಂಬ ಡಬ್ಬಿ, ಕರೆಂಟು ಕಡಿದ ಮೇಲೂ ತನ್ನಲ್ಲಿ ತುಂಬಿದ್ದನ್ನು ಕೆಲಕಾಲ ಹಿಡಿದಿಟ್ಟುಕೊಂಡಿರುತ್ತದೆಯಂತೆ. ಸ್ವಲ್ಪ ಹೊತ್ತು ಬಿಟ್ಟು, ಒಂದು ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನಲ್ಲಿ ಅಳೆದು, ಆಮೇಲೆ ಕೈಯಿಟ್ಟ.

ನಾನು ಸುಳ್ಳಾಡಿರಲಿಲ್ಲ, ಆದರೂ ನನ್ನ ಮಾತನ್ನು ನಂಬಿದ್ದರೆ ಆ ಹುಡುಗನ ಪ್ರಾಣಕ್ಕೆ ಅಪಾಯವಿತ್ತು. ಪ್ರಾಮಾಣಿಕತೆ ಬೇರೆ, ನಿಜ ಬೇರೆ ಎಂಬುದನ್ನು ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ! "ನನ್ನ ಮೇಲೆ ನಂಬಿಕೆಯಿಲ್ಲವೆ?" ಎಂದು ಕೇಳುವವನು ತನ್ನ ಮನಸ್ಸಿಗೆ ಸಾಕ್ಷಿ ಹೇಳುತ್ತಾನೆಯೇ ಹೊರತು ತಂತಿಗೆ ಸಾಕ್ಷಿ ಹೇಳಲಾರ.

ಹಾಗಾದರೆ ಎಲ್ಲವನ್ನೂ ಎಲ್ಲರನ್ನೂ ಪರೀಕ್ಷಿಸುತ್ತ ಬಾಳಲಾದೀತೆ ಎಂದು ಓದುಗರು ಕೇಳಬಹುದು. ಆಗದು. ಹಾಲಿನವನನ್ನೂ ಔಷಧದ ಅಂಗಡಿಯವನನ್ನೂ ನಂಬದೆ ಒಂದು ದಿನವೂ ಸಂಸಾರ ನಡೆಯದು. ಆದರೆ ಒಂದು ಗೆರೆಯನ್ನು ಎಳೆಯಬಹುದೆಂದು ನನಗೆ ತೋರುತ್ತದೆ. ಮಾತು ನನ್ನದು, ಮೈ ಇನ್ನೊಬ್ಬನದು ಎಂದಾಗ, ಪರೀಕ್ಷಿಸುವ ಹಕ್ಕು ಆ ಮೈಯುಳ್ಳವನದು. ಪರೀಕ್ಷಿಸೆಂದು ತಾನಾಗಿ ಹೇಳುವುದು ನನ್ನ ಧರ್ಮ. ಕೂಲಿ ಕೊಡುವವನ ಬಿಗಿದ ಮುಖಕ್ಕೆ ಅಂಜಿ, ನೋಡದೆಯೇ ಕೈಯಿಟ್ಟವರು ಎಷ್ಟು ಮಂದಿಯೋ! ಆ ಸಂಕೋಚವನ್ನು ಅವರಲ್ಲಿ ಹುಟ್ಟಿಸುವವರು ನಾವೇ ಅಲ್ಲವೆ?

ಮುಂಭಾಗವನ್ನು ಎತ್ತಿ ಜಾಲರಿಯನ್ನು ತೊಳೆದು ಒಣಗಿಸುವಷ್ಟನ್ನು, ಕರೆಂಟು ಕಡಿದುಕೊಂಡು, ನಾವೇ ಮಾಡಬಹುದು. ಅದರಾಚೆಗಿನದು ಬಲ್ಲವನ ಕೆಲಸ. ಅವನು ಮತ್ತೆ ಬಂದಾಗ ಏನು ಹೇಳಬೇಕೆಂಬುದನ್ನು ಈಗ ಕಲಿತಿದ್ದೇನೆ: "ಆರಿಸಿದ್ದೇನಪ್ಪಾ, ನೀನೂ ಒಮ್ಮೆ ನೋಡಿಕೋ."